ಗುಂಪು ಮತ್ತು ಸರಪಳಿ: ಹರ್ಮನ್ ಸ್ಟೌಡಿಂಗರ್ ಅವರ ಜೀವನ

ಈ ಸಂಚಿಕೆಗೆ ನಾನು ಒಬ್ಬ ರಸಾಯನ ವಿಜ್ಞಾನಿಯ ಜೀವನವನ್ನು ಆರಿಸಿಕೊಂಡಿದ್ದೇನೆ. ವಾಣಿಜ್ಯ ವಿಭಾಗದವಳಿಗೆ ರಸಾಯನಶಾಸ್ತ್ರದ ಉಸಾಬರಿ ಏಕೆ ಎಂದು ವಿಜ್ಞಾನ ವಿಭಾಗದವರು ಕೇಳಬಹುದು. ಕಾರಣ ಬಹಳ ಸರಳ. ನಾವು ಲೆಕ್ಕಶಾಸ್ತ್ರದಲ್ಲಿ ಸರಕು ಎಂದು ಬರೆದು ಬೆಲೆ ಹಾಕುವ ವಸ್ತುಗಳನ್ನು ಒಮ್ಮೆ ನೋಡಿ. ಬಕೆಟ್, ನೀರಿನ ಪೈಪು, ಸೈಕಲ್ ಟೈರು, ನೈಲಾನ್ ಹಗ್ಗ, ಪಾಲಿಯೆಸ್ಟರ್ ಬಟ್ಟೆ, ಮಕ್ಕಳ ಡಯಾಪರ್ ಎಲ್ಲವೂ ಪಾಲಿಮರ್‌ಗಳಿಂದಲೇ ಆದವು. ಷಾಂಪೂ ಬಾಟಲಿಯೂ ಪಾಲಿಮರ್, ಅದರೊಳಗಿನ ಷಾಂಪೂವಿನಲ್ಲೂ ಅನೇಕ ಸಲ ಪಾಲಿಮರ್ ಇರುತ್ತದೆ. ಆದರೆ ಸುಮಾರು ನೂರು ವರ್ಷಗಳ ಹಿಂದೆ ಅಷ್ಟು ದೊಡ್ಡ ಅಣು ಇರಲು ಸಾಧ್ಯವೇ ಇಲ್ಲ ಎಂದು ಹೆಸರಾಂತ ವಿಜ್ಞಾನಿಗಳೇ ಹೇಳುತ್ತಿದ್ದರು. ಇರಬಹುದು ಎಂದು ಹೇಳಿ, ಅದನ್ನು ತೋರಿಸಲು ತಮ್ಮ ಅರ್ಧ ಆಯುಷ್ಯ ಕಳೆದವರು ಹರ್ಮನ್ ಸ್ಟೌಡಿಂಗರ್.

ಸ್ಟೌಡಿಂಗರ್ ಅವರು 1881ರ ಮಾರ್ಚ್ 23ರಂದು ಜರ್ಮನಿಯ ವರ್ಮ್ಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಫ್ರಾಂಜ್ ಸ್ಟೌಡಿಂಗರ್ ಶಾಲಾ ಶಿಕ್ಷಕರು ಮತ್ತು ತತ್ವಶಾಸ್ತ್ರಜ್ಞರು. ಗ್ರಾಹಕರು ತಾವೇ ಸೇರಿ ಅಂಗಡಿ ನಡೆಸುವ ಸಹಕಾರ ಚಳವಳಿಯ ಬಗ್ಗೆಯೂ ಅವರು ಬರೆಯುತ್ತಿದ್ದರು. ಸಹಕಾರ ಸಂಘಗಳ ಬಗ್ಗೆ ನಾವು ವ್ಯವಹಾರ ಅಧ್ಯಯನದಲ್ಲಿ ಓದುತ್ತೇವೆ, ಆದ್ದರಿಂದ ಈ ವಿಷಯ ತಿಳಿದಾಗ ನನಗೆ ಸಂತೋಷವಾಯಿತು. ಬಾಲಕ ಹರ್ಮನ್‌ಗೆ ಗಿಡಮರಗಳ ಮೇಲೆ ಬಹಳ ಪ್ರೀತಿ. ಸಸ್ಯಶಾಸ್ತ್ರವನ್ನೇ ಓದಬೇಕೆಂದು ಅವರ ಆಸೆ. ಗಿಡವನ್ನು ಚೆನ್ನಾಗಿ ಅರಿಯಬೇಕಾದರೆ ಮೊದಲು ರಸಾಯನಶಾಸ್ತ್ರ ಕಲಿಯಬೇಕು ಎಂಬ ಹಿರಿಯರ ಸಲಹೆಯಂತೆ ಆ ಕಡೆ ತಿರುಗಿದರು. ತಿರುಗಿದವರು ಅಲ್ಲಿಯೇ ಉಳಿದರು. 1903ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಕೀಟೀನ್ ಎಂಬ ಹೊಸ ಬಗೆಯ ಸಂಯುಕ್ತಗಳನ್ನು ಕಂಡುಹಿಡಿದರು. ನಂತರ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾದರು. 1912ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪ್ರಸಿದ್ಧ ತಾಂತ್ರಿಕ ವಿದ್ಯಾಸಂಸ್ಥೆ ಅವರನ್ನು ಕರೆಸಿಕೊಂಡಿತು. ಆಗ ಅವರ ವಯಸ್ಸು ಕೇವಲ 31.

ಜ್ಯೂರಿಕ್‌ನಲ್ಲಿ ಇದ್ದಾಗಲೇ ಮೊದಲ ಮಹಾಯುದ್ಧ ಬಂತು. ಜರ್ಮನಿ ವಿಷಾನಿಲವನ್ನು ಆಯುಧವಾಗಿ ಬಳಸಿತು. ಅದರ ಹಿಂದಿದ್ದವರು ಫ್ರಿಟ್ಜ್ ಹಾಬರ್ ಎಂಬ ಮಹಾನ್ ರಸಾಯನ ವಿಜ್ಞಾನಿ. ಸ್ಟೌಡಿಂಗರ್ ಅವರು ಇದನ್ನು ಬಹಿರಂಗವಾಗಿ ವಿರೋಧಿಸಿದರು. ಆಧುನಿಕ ಯುದ್ಧದಲ್ಲಿ ಗೆಲ್ಲುವುದು ಕಾರ್ಖಾನೆಗಳ ಬಲ, ಎದುರು ಪಕ್ಷದ ಕಾರ್ಖಾನೆಗಳ ಬಲ ಹೆಚ್ಚಿರುವಾಗ ಹೋರಾಟ ಮುಂದುವರಿಸುವುದು ಪ್ರಾಣಹಾನಿಯೇ ಹೊರತು ಬೇರೇನಲ್ಲ ಎಂದು ಅವರು 1917ರಲ್ಲಿಯೇ ವಾದಿಸಿದರು. 1919ರಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಪತ್ರಿಕೆಯಲ್ಲಿ ರಾಸಾಯನಿಕ ಯುದ್ಧದ ಅಪಾಯದ ಬಗ್ಗೆ ಲೇಖನ ಬರೆದರು. ಇದಕ್ಕಾಗಿ ಹಾಬರ್ ಅವರು ಇವರ ಮೇಲೆ ಕೋಪಗೊಂಡರು. ದೇಶಕ್ಕೆ ದ್ರೋಹ ಮಾಡಿದವರು ಎಂಬ ಅಪವಾದ ಸ್ಟೌಡಿಂಗರ್ ಅವರ ಬೆನ್ನಿಗೆ ಅಂಟಿಕೊಂಡಿತು. ಅದು ಮುಂದೆ ಅವರನ್ನು ಹೇಗೆ ಕಾಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಈಗ ಅವರ ಮುಖ್ಯ ಕೆಲಸಕ್ಕೆ ಬರೋಣ. ಅದನ್ನು ಅರ್ಥ ಮಾಡಿಕೊಳ್ಳಲು ನಾವು ಸಾಬೂನಿನಿಂದ ಆರಂಭಿಸಬೇಕು. ಕನ್ನಡದಲ್ಲಿ ಸಾಬೂನು, ನಮ್ಮ ಮನೆಯ ಉರ್ದುವಿನಲ್ಲಿ ಸಾಬುನ್, ಮಾತು ಒಂದೇ. ಹತ್ತನೇ ತರಗತಿಯ ಕಾರ್ಬನ್ ಪಾಠದ ಕೊನೆಯಲ್ಲಿ ಮಿಸೆಲ್ ಚಿತ್ರ ಇದ್ದದ್ದು ನಿಮಗೆ ನೆನಪಿರಬಹುದು. ಸಾಬೂನಿನ ಒಂದು ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ಋಣ ಆವೇಶ ಇರುತ್ತದೆ, ಅದಕ್ಕೆ ನೀರು ಇಷ್ಟ. ಬಾಲಕ್ಕೆ ನೀರು ಆಗದು, ಎಣ್ಣೆ ಇಷ್ಟ. ಅದಕ್ಕಾಗಿಯೇ ಈ ಅಣುಗಳು ನೀರಿನ ಮೇಲ್ಮೈಗೆ ಬಂದು ಬಾಲವನ್ನು ಗಾಳಿಗೆ ಚಾಚಿ ನಿಲ್ಲುತ್ತವೆ. ಇಂಥ ವಸ್ತುಗಳಿಗೆ ಮೇಲ್ಮೈ ಕ್ರಿಯಾಶೀಲ ವಸ್ತುಗಳು ಎನ್ನುತ್ತಾರೆ. ಮೇಲ್ಮೈಯಲ್ಲಿ ಜಾಗ ತುಂಬಿದ ಮೇಲೂ ಸಾಬೂನು ಹಾಕುತ್ತಾ ಹೋದರೆ ಅಣುಗಳು ನೀರಿನೊಳಗೆ ಗುಂಪುಗೂಡುತ್ತವೆ. ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ. ಈ ಗುಂಪೇ ಮಿಸೆಲ್. ಸಾಬೂನಿನ ಬಗ್ಗೆ ಈ ವಿಚಾರವನ್ನು 1913ರ ಹೊತ್ತಿಗೆ ಮುಂದಿಟ್ಟವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೇಮ್ಸ್ ಮ್ಯಾಕ್‌ಬೇನ್. ಇದೇ ಮ್ಯಾಕ್‌ಬೇನ್ ಅವರು ಮುಂದೆ ನಮ್ಮ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು.

ಒಂದು ವಿಷಯ ಗಮನಿಸಿ. ಮಿಸೆಲ್ ಎಂಬುದು ಗುಂಪು ಮಾತ್ರ. ಅಣುಗಳು ಒಂದರ ಪಕ್ಕ ಒಂದು ನಿಂತಿವೆ, ಆದರೆ ಒಂದಕ್ಕೊಂದು ಬಂಧ ಇಲ್ಲ. ಕ್ಷಣಕ್ಷಣಕ್ಕೂ ಕೆಲವು ಹೊರಗೆ ಹೋಗುತ್ತವೆ, ಕೆಲವು ಒಳಗೆ ಬರುತ್ತವೆ. ನೀರು ಹೆಚ್ಚು ಹಾಕಿದರೆ ಗುಂಪು ಚದುರಿ ಹೋಗುತ್ತದೆ. ಮದುವೆ ಮನೆಯಲ್ಲಿ ಬುಟ್ಟಿ ತುಂಬ ಮಲ್ಲಿಗೆ ಹೂ ಇದ್ದ ಹಾಗೆ. ಬುಟ್ಟಿ ಬೋರಲು ಹಾಕಿದರೆ ಹೂಗಳು ಚೆಲ್ಲಾಪಿಲ್ಲಿ. ಅದೇ ಹೂಗಳನ್ನು ದಾರದಲ್ಲಿ ಕಟ್ಟಿ ಸೆಹರಾ ಮಾಡಿದರೆ ಎತ್ತಿ ಹಿಡಿದರೂ ಚೆಲ್ಲುವುದಿಲ್ಲ.

ಆ ಕಾಲದ ಹೆಚ್ಚಿನ ರಸಾಯನ ವಿಜ್ಞಾನಿಗಳು ರಬ್ಬರ್, ಪಿಷ್ಟ, ಹತ್ತಿಯ ಸೆಲ್ಯುಲೋಸ್, ಪ್ರೋಟೀನ್ ಎಲ್ಲವೂ ಬುಟ್ಟಿಯ ಹೂಗಳೇ ಎಂದು ನಂಬಿದ್ದರು. ಅಂದರೆ ಸಣ್ಣ ಅಣುಗಳು ಸಾಬೂನಿನ ಹಾಗೆ ಯಾವುದೋ ದುರ್ಬಲ ಸೆಳೆತದಿಂದ ಒಟ್ಟಾಗಿ ನಿಂತಿವೆ, ಆದ್ದರಿಂದ ದೊಡ್ಡದಾಗಿ ಕಾಣುತ್ತವೆ ಅಷ್ಟೇ ಎಂದು. ಸ್ಟೌಡಿಂಗರ್ ಅವರು 1920ರಲ್ಲಿ ಪಾಲಿಮರೀಕರಣದ ಬಗ್ಗೆ ಒಂದು ಲೇಖನ ಪ್ರಕಟಿಸಿ ಇದಕ್ಕೆ ವಿರುದ್ಧವಾದ ಮಾತು ಹೇಳಿದರು. ಇವು ಗುಂಪುಗಳಲ್ಲ, ಸರಪಳಿಗಳು. ನೂರಾರು, ಸಾವಿರಾರು ಸಣ್ಣ ಘಟಕಗಳು ಮಾಮೂಲಿ ಸಹವೇಲೆನ್ಸೀಯ ಬಂಧದಿಂದಲೇ ಕೊಂಡಿ ಕೊಂಡಿಯಾಗಿ ಸೇರಿ ಒಂದೇ ಅಣು ಆಗಿವೆ. ಎರಡು ವರ್ಷಗಳ ನಂತರ ಅಂಥ ಅಣುವಿಗೆ ಅವರು ಬೃಹದಣು ಎಂಬ ಅರ್ಥದ ಮ್ಯಾಕ್ರೋಮಾಲಿಕ್ಯೂಲ್ ಎಂಬ ಹೆಸರನ್ನು ಬಳಸಿದರು.

ಬರೀ ಹೇಳಿದರೆ ಸಾಲದು, ಪರೀಕ್ಷೆ ಬೇಕು. ಗುಂಪೋ ಸರಪಳಿಯೋ ಎಂದು ಕಣ್ಣಿಂದ ನೋಡಿ ತಿಳಿಯುವ ಉಪಕರಣ ಆಗ ಇರಲಿಲ್ಲ. ಸ್ಟೌಡಿಂಗರ್ ಅವರು ಬಹಳ ಜಾಣ ಉಪಾಯ ಹುಡುಕಿದರು. ರಬ್ಬರಿನ ಸಣ್ಣ ಅಣುಗಳನ್ನು ಒಟ್ಟಿಗೆ ಹಿಡಿದಿರುವುದು ಅವುಗಳಲ್ಲಿರುವ ದ್ವಿಬಂಧಗಳ ಸೆಳೆತ ಎಂದು ವಿರೋಧಿಗಳು ಹೇಳುತ್ತಿದ್ದರು. ಹಾಗಾದರೆ ಆ ದ್ವಿಬಂಧಗಳನ್ನೇ ತೆಗೆದುಬಿಟ್ಟರೆ ಗುಂಪು ಚದುರಿ, ಸಣ್ಣ ಅಣುಗಳ ಮಾಮೂಲಿ ದ್ರವ ಸಿಗಬೇಕು. ಅದನ್ನು ಕಾಯಿಸಿ ಆವಿ ಮಾಡಲೂ ಬರಬೇಕು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿ ತುಪ್ಪ ಮಾಡುವಂತೆ ಅವರು 1922ರಲ್ಲಿ ರಬ್ಬರಿಗೆ ಹೈಡ್ರೋಜನ್ ಸೇರಿಸಿದರು. ದ್ವಿಬಂಧಗಳು ಹೋದವು. ಆದರೆ ರಬ್ಬರ್ ಚದುರಲಿಲ್ಲ. ಅದರ ದ್ರಾವಣ ಮೊದಲಿನಂತೆಯೇ ಮಂದವಾಗಿತ್ತು, ಅದು ಆವಿಯೂ ಆಗಲಿಲ್ಲ. ಹೂಗಳ ಮಧ್ಯೆ ದಾರ ಇತ್ತು.

ಇನ್ನೊಂದು ಪರೀಕ್ಷೆ ದ್ರಾವಕ ಬದಲಿಸುವುದು. ಸಾಬೂನು ನೀರಿನಲ್ಲಿ ಗುಂಪುಗೂಡುತ್ತದೆ, ಆದರೆ ಆಲ್ಕೋಹಾಲ್‌ನಲ್ಲಿ ಮಾಮೂಲಿ ಸಣ್ಣ ಅಣುವಿನಂತೆ ವರ್ತಿಸುತ್ತದೆ. ಸ್ಟೌಡಿಂಗರ್ ಅವರ ಪಾಲಿಸ್ಟೈರೀನ್ ಹಾಗೆ ಮಾಡಲಿಲ್ಲ. ಯಾವ ದ್ರಾವಕದಲ್ಲಿ ಕರಗಿಸಿದರೂ ಅದು ದೊಡ್ಡ ಅಣುವಾಗಿಯೇ ಉಳಿಯಿತು.

ಇಷ್ಟಾದರೂ ಜನ ಒಪ್ಪಲಿಲ್ಲ. ಸ್ಫಟಿಕಗಳನ್ನು ಎಕ್ಸ್ ಕಿರಣದಿಂದ ನೋಡುವವರು ಒಂದು ಆಕ್ಷೇಪ ತಂದರು. ಸ್ಫಟಿಕದಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಕೋಶಕ್ಕಿಂತ ಅಣು ದೊಡ್ಡದಿರಲು ಸಾಧ್ಯವಿಲ್ಲ ಎಂಬುದು ಅವರ ವಾದ. ಆ ವಾದ ತಪ್ಪು ಎಂದು ಇಂದು ನಮಗೆ ಗೊತ್ತು. ಉದ್ದ ಸರಪಳಿ ಅನೇಕ ಕೋಶಗಳನ್ನು ಹಾದು ಹೋಗಬಲ್ಲದು. ಆದರೆ ಅಂದು ಅದು ಬಲವಾದ ವಾದ. 1925ರಲ್ಲಿ ಜ್ಯೂರಿಕ್‌ನ ರಾಸಾಯನಿಕ ಸಂಘದಲ್ಲಿ ಸ್ಟೌಡಿಂಗರ್ ಉಪನ್ಯಾಸ ಕೊಟ್ಟಾಗ ಸಭೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. 1926ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ ನಡೆದ ಸಮ್ಮೇಳನದಲ್ಲಿಯೂ ಹೆಚ್ಚಿನ ಭಾಷಣಗಾರರು ಅವರ ವಿರುದ್ಧವೇ ಇದ್ದರು. ಹೈನ್ರಿಕ್ ವೀಲಾಂಡ್ ಅವರು ಸ್ಟೌಡಿಂಗರ್ ಅವರ ಹಿತೈಷಿ, ಮುಂದೆ ನೊಬೆಲ್ ಪಡೆದವರು. ಅವರೂ ಈ ದೊಡ್ಡ ಅಣುಗಳ ವಿಚಾರ ಬಿಟ್ಟುಬಿಡಿ, ನಿಮ್ಮ ರಬ್ಬರನ್ನು ಶುದ್ಧ ಮಾಡಿ, ಆಗ ಅದು ಸಣ್ಣ ಅಣುವೇ ಎಂದು ಗೊತ್ತಾಗುತ್ತದೆ ಎಂಬರ್ಥದ ಬುದ್ಧಿಮಾತು ಹೇಳಿದರು.

ಈ ಹೊತ್ತಿಗೆ ಸ್ಟೌಡಿಂಗರ್ ಅವರಿಗೆ ನಲವತ್ತೈದು ವರ್ಷ. ಕೀಟೀನ್‌ಗಳಿಂದ ಒಳ್ಳೆಯ ಹೆಸರು ಬಂದಿತ್ತು. ಕಾಫಿಯ ಪರಿಮಳ ಯಾವ ಯಾವ ವಸ್ತುಗಳಿಂದ ಬರುತ್ತದೆ ಎಂದು ಅವರು ಶಿಷ್ಯರೊಂದಿಗೆ ಸಂಶೋಧನೆ ಮಾಡಿದ್ದರು. ಅವರ ಜೊತೆ ಕೆಲಸ ಮಾಡಿದ ಲಿಯೋಪೋಲ್ಡ್ ರುಜಿಕಾ ಮತ್ತು ಟಾಡಿಯಸ್ ರೈಕ್‌ಸ್ಟೈನ್ ಇಬ್ಬರೂ ಮುಂದೆ ನೊಬೆಲ್ ಪಡೆದರು. ಆ ದಾರಿಯಲ್ಲೇ ಹೋಗಿದ್ದರೆ ಸುಖವಾಗಿ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1926ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದು, ಹಳೆಯ ವಿಷಯಗಳನ್ನೆಲ್ಲ ಬದಿಗಿಟ್ಟು ಪಾಲಿಮರ್‌ಗಳ ಮೇಲೆಯೇ ಕುಳಿತರು. ಲಾತ್ವಿಯಾದ ಸಸ್ಯ ವಿಜ್ಞಾನಿ ಮಾಗ್ಡಾ ವೋಯ್ಟ್ ಅವರನ್ನು ವಿವಾಹವಾದರು. ಮಾಗ್ಡಾ ಮನೆಯಲ್ಲಿ ಮಾತ್ರವಲ್ಲ, ಪ್ರಯೋಗಾಲಯದಲ್ಲೂ ಜೊತೆಗಾತಿಯಾಗಿ ಅನೇಕ ಲೇಖನಗಳನ್ನು ಅವರೊಂದಿಗೆ ಬರೆದರು.

ಫ್ರೈಬರ್ಗ್‌ನಲ್ಲಿ ಅವರು ಅಳೆಯುವ ಕೆಲಸಕ್ಕೆ ಇಳಿದರು. ಸರಪಳಿ ಉದ್ದವಾದಷ್ಟೂ ದ್ರಾವಣ ಹರಿಯುವುದು ನಿಧಾನವಾಗುತ್ತದೆ. ಹರಿಯಲು ದ್ರವ ತೋರುವ ಈ ತಡೆಗೆ ಸ್ನಿಗ್ಧತೆ ಎನ್ನುತ್ತಾರೆ. ಸ್ನಿಗ್ಧತೆ ಅಳೆದು ಅಣುವಿನ ತೂಕ ಅಂದಾಜು ಮಾಡುವ ಸೂತ್ರವನ್ನು 1930ರ ಸುಮಾರಿಗೆ ಅವರು ಕೊಟ್ಟರು. ಸಣ್ಣ ಗಾಜಿನ ಕೊಳವೆ ಮತ್ತು ಗಡಿಯಾರ ಇದ್ದರೆ ಯಾವ ಕಾರ್ಖಾನೆಯಲ್ಲೂ ಮಾಡಬಹುದಾದ ಪರೀಕ್ಷೆ ಅದು. ಸ್ವೀಡನ್ನಿನ ಸ್ವೆಡ್‌ಬೆರ್ಗ್ ಅವರ ಅತಿವೇಗದ ಯಂತ್ರವೂ ಪ್ರೋಟೀನ್‌ಗಳು ನಿಜವಾಗಿ ದೊಡ್ಡ ಅಣುಗಳೇ ಎಂದು ತೋರಿಸಿತು. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋದರ್ಸ್ ಅವರು ಸಣ್ಣ ಅಣುಗಳನ್ನು ಒಂದೊಂದಾಗಿ ಜೋಡಿಸಿ ಉದ್ದ ಸರಪಳಿ ಮಾಡಿದರು. ಅದರಿಂದಲೇ ನೈಲಾನ್ ಬಂತು, 1938ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಲಾಯಿತು. ಸಂಶಯ ಪಟ್ಟವರು ಒಬ್ಬೊಬ್ಬರಾಗಿ ಮೌನವಾದರು.

ಇದೇ ಕಾಲದಲ್ಲಿ ಸ್ಟೌಡಿಂಗರ್ ಅವರು ಆವೇಶ ಹೊತ್ತ ಪಾಲಿಮರ್‌ಗಳನ್ನೂ ಪರೀಕ್ಷಿಸಿದರು. ಪಾಲಿಅಕ್ರಿಲಿಕ್ ಆಮ್ಲ ಎಂಬ ಸರಪಳಿಯ ಉದ್ದಕ್ಕೂ ಆಮ್ಲದ ಗುಂಪುಗಳಿವೆ. ಅದಕ್ಕೆ ಕಾಸ್ಟಿಕ್ ಸೋಡ ಸೇರಿಸಿದರೆ ಆ ಗುಂಪುಗಳೆಲ್ಲ ಋಣ ಆವೇಶ ಪಡೆಯುತ್ತವೆ, ದ್ರಾವಣ ಬಹಳ ಮಂದವಾಗುತ್ತದೆ. ಅದಕ್ಕೆ ಅಡುಗೆ ಉಪ್ಪು ಹಾಕಿದರೆ ಮತ್ತೆ ತೆಳುವಾಗುತ್ತದೆ. ಪ್ರೋಟೀನ್‌ಗಳನ್ನು ತಿಳಿಯಲು ಇದು ಒಂದು ಮಾದರಿ ಎಂದು ಅವರು ಭಾವಿಸಿದರು. ಒಂದೇ ಬಗೆಯ ಆವೇಶಗಳು ಒಂದನ್ನೊಂದು ತಳ್ಳುವುದರಿಂದ ಮುದುಡಿದ ಸರಪಳಿ ನೀಳವಾಗುತ್ತದೆ ಎಂಬ ಪೂರ್ಣ ವಿವರಣೆ ನಂತರ ಬೇರೆಯವರಿಂದ ಬಂತು. ಡಯಾಪರ್‌ನೊಳಗಿನ ಬಿಳಿ ಪುಡಿ ಇದೇ ಕುಟುಂಬದ್ದು. ಆವೇಶಗಳ ತಳ್ಳಾಟದಿಂದ ಸರಪಳಿಗಳು ಬಿಚ್ಚಿಕೊಂಡು ತಮ್ಮ ತೂಕಕ್ಕಿಂತ ಎಷ್ಟೋ ಪಟ್ಟು ನೀರು ಹಿಡಿಯುತ್ತವೆ.

ಆದರೆ ಸ್ಟೌಡಿಂಗರ್ ಅವರು ಎಲ್ಲದರಲ್ಲೂ ಸರಿ ಇದ್ದರು ಎಂದು ಬರೆದರೆ ಸುಳ್ಳಾಗುತ್ತದೆ. ಉದ್ದ ಅಣುಗಳು ದ್ರಾವಣದಲ್ಲಿ ಕಡ್ಡಿಯಂತೆ ನೆಟ್ಟಗೆ ಇರುತ್ತವೆ ಎಂದು ಅವರು ಬಹಳ ವರ್ಷ ಹಠ ಹಿಡಿದರು. ವರ್ನರ್ ಕೂನ್ ಮತ್ತು ಹರ್ಮನ್ ಮಾರ್ಕ್ ಮುಂತಾದವರು ಅವು ದಾರದ ಹಾಗೆ ಬಳುಕುತ್ತವೆ, ಸುತ್ತಿಕೊಳ್ಳುತ್ತವೆ ಎಂದರು. ಅವರು ಹೇಳಿದ್ದೇ ಸರಿಯಾಗಿತ್ತು. ಇಡೀ ಜಗತ್ತಿನ ಹಠವನ್ನು ಎದುರಿಸಿದವರು ತಾವೂ ಒಂದು ಹಠಕ್ಕೆ ಬಿದ್ದರು. ಅವರ ಸ್ನಿಗ್ಧತೆಯ ಸೂತ್ರವನ್ನೂ ನಂತರದವರು ತಿದ್ದಿ ಬಳಸಬೇಕಾಯಿತು.

ಇನ್ನು ಹಳೆಯ ಅಪವಾದದ ವಿಷಯ. 1933ರಲ್ಲಿ ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಫ್ರೈಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಬಂದವರು ಪ್ರಸಿದ್ಧ ತತ್ವಶಾಸ್ತ್ರಜ್ಞ ಮಾರ್ಟಿನ್ ಹೈಡೆಗರ್. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಟೌಡಿಂಗರ್ ದೇಶದ ಪರ ಇರಲಿಲ್ಲ ಎಂದು ಹೈಡೆಗರ್ ಅವರೇ ಅಧಿಕಾರಿಗಳಿಗೆ ತಿಳಿಸಿದರು, 1934ರಲ್ಲಿ ಕೆಲಸದಿಂದ ತೆಗೆಯಬೇಕೆಂದೂ ಬರೆದರು. ರಹಸ್ಯ ಪೊಲೀಸರ ವಿಚಾರಣೆ ನಡೆಯಿತು. ಸ್ಟೌಡಿಂಗರ್ ಅವರಿಂದ ರಾಜೀನಾಮೆ ಪತ್ರ ಬರೆಸಿಕೊಂಡು, ಬೇಕಾದಾಗ ಬಳಸಬಹುದು ಎಂದು ಇಟ್ಟುಕೊಂಡರು. ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಆ ತಿಂಗಳುಗಳಲ್ಲಿ ಅವರು ಆಡಳಿತಕ್ಕೆ ಹಿತವಾಗುವಂತೆ ಒಂದು ಲೇಖನ ಬರೆದದ್ದೂ ಉಂಟು. ಕುರ್ಚಿ ಉಳಿಯಿತು, ಆದರೆ ವಿದೇಶ ಪ್ರವಾಸಗಳಿಗೆ ತಡೆ ಬಿತ್ತು. 1917ರಲ್ಲಿ ಧೈರ್ಯವಾಗಿ ಮಾತಾಡಿದವರು 1934ರಲ್ಲಿ ಬಗ್ಗಬೇಕಾಯಿತು. ಭಯದ ರಾಜ್ಯದಲ್ಲಿ ದೊಡ್ಡ ಮನುಷ್ಯರಿಗೂ ಹೀಗಾಗುತ್ತದೆ ಎಂಬುದು ನಮಗೆ ತಿಳಿದಿರಬೇಕು. ಅದನ್ನು ಮುಚ್ಚಿಟ್ಟು ಜೀವನಚರಿತ್ರೆ ಬರೆಯಬಾರದು.

1944ರ ನವೆಂಬರ್ 27ರ ರಾತ್ರಿ ಫ್ರೈಬರ್ಗ್ ಮೇಲೆ ಬಾಂಬುಗಳು ಬಿದ್ದವು. ಪ್ರಯೋಗಾಲಯ ನಾಶವಾಯಿತು. ಯುದ್ಧ ಮುಗಿದ ಮೇಲೆ ಅವರು ಮತ್ತೆ ಕೆಲಸ ಕಟ್ಟಿದರು, ಪಾಲಿಮರ್‌ಗಳಿಗಾಗಿಯೇ ಒಂದು ವಿಜ್ಞಾನ ಪತ್ರಿಕೆಯನ್ನು ನಡೆಸಿದರು. 1951ರಲ್ಲಿ ನಿವೃತ್ತರಾದರು. 1953ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಾಗ ವಯಸ್ಸು 72. ಮೊದಲ ಲೇಖನ ಬರೆದು 33 ವರ್ಷಗಳಾಗಿದ್ದವು. 1965ರ ಸೆಪ್ಟೆಂಬರ್ 8ರಂದು ಫ್ರೈಬರ್ಗ್‌ನಲ್ಲಿ ನಿಧನರಾದರು.

ಅವರ ಕಥೆಗೆ ಒಂದು ಚಂದದ ಮುಂದುವರಿಕೆ ಇದೆ. ಸಾಬೂನಿನ ಗುಂಪು ಬೇರೆ, ಪಾಲಿಮರ್ ಸರಪಳಿ ಬೇರೆ ಎಂದು ಸ್ಟೌಡಿಂಗರ್ ತೋರಿಸಿದರಲ್ಲವೇ? ಆ ವ್ಯತ್ಯಾಸ ಸ್ಪಷ್ಟವಾದ ಮೇಲೆ ವಿಜ್ಞಾನಿಗಳು ಎರಡನ್ನೂ ಸೇರಿಸುವ ಯೋಚನೆ ಮಾಡಿದರು. ಅಮೆರಿಕದಲ್ಲಿ 1950ರ ದಶಕದ ಆರಂಭದಲ್ಲಿ ಉಲ್ರಿಕ್ ಸ್ಟ್ರಾಸ್ ಅವರು ಮೊದಲೇ ಇದ್ದ ಪಾಲಿಮರ್ ಸರಪಳಿಗೆ ಸಾಬೂನಿನಂಥ ಬಾಲಗಳನ್ನು ಕಟ್ಟಿ ಪಾಲಿಸೋಪ್ ಎಂಬ ವಸ್ತು ಮಾಡಿದರು. ಇನ್ನೊಂದು ದಾರಿ ಸಾಬೂನಿನ ಅಣುಗಳನ್ನೇ ನೀರಿನಲ್ಲಿ ಒಂದಕ್ಕೊಂದು ಕಟ್ಟುವುದು. ಅದಕ್ಕೆ ಹರಳೆಣ್ಣೆಯಿಂದ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. ಹರಳೆಣ್ಣೆಯ ಆಮ್ಲವನ್ನು ಬಹಳ ಬಿಸಿಯಲ್ಲಿ ಒಡೆದರೆ ಹನ್ನೊಂದು ಕಾರ್ಬನ್‌ಗಳ ಅಂಡೆಸಿಲೆನಿಕ್ ಆಮ್ಲ ಬರುತ್ತದೆ. ಅದರ ಸೋಡಿಯಂ ಲವಣ ಒಂದು ಬಗೆಯ ಸಾಬೂನೇ. ಆದರೆ ಅದರ ಬಾಲದ ತುದಿಯಲ್ಲಿ ಒಂದು ದ್ವಿಬಂಧ ಇದೆ. ನೀರಿನಲ್ಲಿ ಸ್ವಲ್ಪವೇ ಇದ್ದಾಗ ಅದರ ಅಣುಗಳು ದೂರ ದೂರ, ದ್ವಿಬಂಧಗಳು ಸುಲಭವಾಗಿ ಸೇರುವುದಿಲ್ಲ. ಮಿಸೆಲ್ ಆಗುವಷ್ಟು ಹಾಕಿದರೆ ಬಾಲಗಳ ತುದಿಗಳೆಲ್ಲ ಒಳಗೆ ಒತ್ತಾಗಿ ಬರುತ್ತವೆ. ಆಗ ಗಾಮಾ ಕಿರಣ ಹಾಯಿಸಿದರೆ ಅಥವಾ ಪರ್‌ಸಲ್ಫೇಟ್‌ನಂಥ ವಸ್ತು ಹಾಕಿ ಬಿಸಿ ಮಾಡಿದರೆ ಪಕ್ಕಪಕ್ಕದ ತುದಿಗಳು ಕೊಂಡಿ ಹಾಕಿಕೊಳ್ಳುತ್ತವೆ. ಈ ಸರಪಳಿ ರಬ್ಬರಿನಷ್ಟು ಉದ್ದ ಅಲ್ಲ, ಗಿಡ್ಡದು. ಆದರೂ ಅದರ ಪ್ರತಿ ಕೊಂಡಿಯಲ್ಲೂ ಒಂದು ಆವೇಶದ ತಲೆ ಇದೆ. ಈಗ ಎಷ್ಟೇ ನೀರು ಹಾಕಿದರೂ ಅದು ಸಾಬೂನಿನ ಗುಂಪಿನಂತೆ ಬಿಡಿ ಅಣುಗಳಾಗಿ ಚದುರುವುದಿಲ್ಲ.

ವಿರೋಧಿಗಳು ಹೇಳಿದ ಗುಂಪೂ ನಿಜ, ಸ್ಟೌಡಿಂಗರ್ ಹೇಳಿದ ಸರಪಳಿಯೂ ನಿಜ. ಯಾವುದು ಎಲ್ಲಿ ಎಂದು ಪರೀಕ್ಷೆ ಮಾಡಿ ಹೇಳಬೇಕು. ಹೈಡ್ರೋಜನ್ ಸೇರಿಸಿ ನೋಡಿ, ದ್ರಾವಕ ಬದಲಿಸಿ ನೋಡಿ, ನೀರು ಸುರಿದು ನೋಡಿ. ನಮ್ಮ ಲೆಕ್ಕಶಾಸ್ತ್ರದಲ್ಲೂ ಪುಸ್ತಕದಲ್ಲಿ ಬರೆದ ಮೊತ್ತವನ್ನು ಹಾಗೆಯೇ ನಂಬುವುದಿಲ್ಲ, ಗೋದಾಮಿಗೆ ಹೋಗಿ ಸರಕು ಎಣಿಸುತ್ತಾರೆ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹಾಗೆ ಎಣಿಸಲು ಹೋದವರು ಸ್ಟೌಡಿಂಗರ್. ಪಿಯುಸಿ ಓದುತ್ತಿರುವ ನಮಗೆ, ಯಾವ ವಿಭಾಗದವರಾದರೂ ಸರಿ, ಅವರಿಂದ ಕಲಿಯಲು ಇದೊಂದು ಅಭ್ಯಾಸ ಸಾಕು.